ಬೀಗರ ಪಂಕ್ತಿಯ ತೂಕ

ಹೆಣ್ಣುಮಕ್ಕಳ ತಂದೆಯಾದವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಯಾವ ಮಾತಿಗೂ ‘ಹೂಂ’ ಅನ್ನಬಾರದು. ಹೊಸಕೆರೆಹಳ್ಳಿಯ ಶಿವರಾಮ ಅಂದುಬಿಟ್ಟ. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಕಿರಿಮಗಳು ಲಿಖಿತಾ ಬಂದು, “ಅಪ್ಪಾ, ನಮ್ ಸ್ಕೂಲ್ ಟೀಮ್ ಇವತ್ ಬೀಗರೂಟಕ್ಕೆ ಬರ್ಬೋದಾ? ಪ್ರಾಜೆಕ್ಟ್ ಇದೆ” ಅಂದಳು. ಶಿವರಾಮನ ಬಾಯಿ ತುಂಬ ನೊರೆ. ನಾಲ್ಕು ಮಕ್ಕಳು ಬಂದು ಉಂಡು ಹೋದರೆ ತನ್ನ ಗಂಟೇನು ಹೋಗುತ್ತದೆ ಅಂದುಕೊಂಡು ಹೂಂಗುಟ್ಟಿದ. ಯಾವ ಪ್ರಾಜೆಕ್ಟು, ಏನು ಎತ್ತ ಅಂತ ಕೇಳಲಿಲ್ಲ. ಕೇಳಿದ್ದರೆ ಇದನ್ನೆಲ್ಲ ಹೇಳುವ ಕೆಲಸ ನನಗೂ ತಪ್ಪುತ್ತಿತ್ತು.

ಪಾಪ, ಅವನನ್ನು ಬೈದು ಫಲವಿಲ್ಲ. ಆ ದಿನ ಅವನ ತಲೆಯಲ್ಲಿ ಹಿರಿಮಗಳು ಶೃತಿಯ ಹೊರತು ಬೇರೆ ಯಾರಿಗೂ ಜಾಗವಿರಲಿಲ್ಲ. ಮೂರು ವಾರದ ಹಿಂದೆ ಅವಳನ್ನು ಉತ್ತರಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದ. ಮದುವೆ ಚೆನ್ನಾಗಿಯೇ ನಡೆಯಿತು, ಕೊನೇ ಪಂಕ್ತಿಯೊಂದನ್ನು ಬಿಟ್ಟು. ಆ ಪಂಕ್ತಿಗೆ ಒಬ್ಬಟ್ಟು ಸಾಲಲಿಲ್ಲ. ಗ್ರಹಚಾರಕ್ಕೆ ಅದರಲ್ಲಿ ಕೂತವರೆಲ್ಲ ಗಂಡಿನ ಕಡೆಯವರು. ಗಂಡಿನ ತಾಯಿ ಕಮಲಾದೇವಿ ಜಗಳವಾಡಲಿಲ್ಲ, ಮುಖ ಕೂಡ ಸಿಂಡರಿಸಲಿಲ್ಲ. “ಪರವಾಗಿಲ್ಲ ಬಿಡಿ” ಅಂದರು. ಆ ಮಾತಿನ ಬಿಸಿ ಏನು ಅಂತ ಹೆಣ್ಣು ಕೊಟ್ಟವರಿಗೆ ಗೊತ್ತು. ಜಗಳವಾದರೆ ಒಂದು ದಿನಕ್ಕೆ ಮುಗಿಯುತ್ತದೆ, ‘ಪರವಾಗಿಲ್ಲ’ ಮುಗಿಯುವುದಿಲ್ಲ.

ಮುಗಿದೂ ಇರಲಿಲ್ಲ. ಆ ಮನೆಯಲ್ಲಿ ಶೃತಿ ಪಾಯಸ ಮಾಡಲಿ, ಉಪ್ಪಿಟ್ಟು ಮಾಡಲಿ, “ಎಲ್ಲಾರ್ಗೂ ಸಾಕಾಗುತ್ತೇನಮ್ಮಾ?” ಅಂತ ಅತ್ತೆ ಮೆತ್ತಗೆ ಕೇಳುವರು. ಅಷ್ಟೇ. ಕೇಳಿಸಿಕೊಂಡ ಹುಡುಗಿ ಬಚ್ಚಲಿಗೆ ಹೋಗಿ, ಕೊಳಾಯಿ ತಿರುಗಿಸಿ, ಅದರ ಸದ್ದಿನ ಮರೆಯಲ್ಲಿ ಅಪ್ಪನಿಗೆ ಫೋನು ಮಾಡಿ ಅಳುವಳು. ಈ ಕಡೆ ಸ್ಪೀಕರಿನಲ್ಲಿ ಕೇಳಿಸಿಕೊಂಡ ಲಿಖಿತಾ, “ಅಕ್ಕಾ, ಅಳು ಪರ್ವಾಗಿಲ್ಲ, ನೀರ್ ಮಾತ್ರ ಆಫ್ ಮಾಡು, ಕಾವೇರಿ ನೀರು” ಅಂದದ್ದೂ ಉಂಟು. ಶಿವರಾಮನಿಗೆ ಮಾತ್ರ ಆ ಸದ್ದು ಕಿವಿಯಿಂದ ಹೋಗಿರಲಿಲ್ಲ. ಸಾಕಿ ಬೆಳೆಸಿದ ಮಗಳು ಒಂದು ಒಬ್ಬಟ್ಟಿಗಾಗಿ ಬಚ್ಚಲಲ್ಲಿ ಅಳುವುದೆಂದರೆ ಯಾವ ತಂದೆಗೆ ತುತ್ತು ಇಳಿಯುತ್ತದೆ?

ಇಂಥ ಕೊರತೆಗಳನ್ನು ಮುಚ್ಚಲೆಂದೇ ಹಿರಿಯರು ಬೀಗರೂಟ ಅಂತ ಒಂದು ಮಾಡಿಟ್ಟಿದ್ದಾರೆ. ಮದುವೆಯ ಸಿಹಿಯೂಟ ಮುಗಿದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು. ಅಲ್ಲಿ ನಮಸ್ಕಾರಕ್ಕೆ, ನಗುವಿಗೆ ಬೆಲೆಯಿಲ್ಲ. ಎಲೆಗೆ ಬಿದ್ದ ತುಂಡಿಗೆ ಬೆಲೆ. ಬೀಗರ ಎಲೆಗೆ ತುಂಡು ಕಮ್ಮಿ ಬಿತ್ತು ಅಂತ ಒಂದು ಮಾತು ಹುಟ್ಟಿದರೆ ಮೊಮ್ಮಕ್ಕಳ ಮದುವೆಯಲ್ಲೂ ಅದು ಎದ್ದು ಬರುತ್ತದೆ. ಇದೊಂದು ಊಟ ಸರಿಯಾಗಿ ನಡೆದುಹೋಗಲಿ, ಮಗಳು ಆ ಮನೆಯಲ್ಲಿ ತಲೆಯೆತ್ತಿಕೊಂಡು ಓಡಾಡಲಿ. ಶಿವರಾಮ ಅವತ್ತು ದೇವರ ಮುಂದೆ ಕೈಮುಗಿದು ಕೇಳಿದ್ದು ಇಷ್ಟನ್ನೇ.

ಮನೆಯ ಪಕ್ಕಕ್ಕೆ ಅಜ್ಜನ ರಾಗಿ ಹೊಲದಲ್ಲಿ ಉಳಿದ ಒಂದೇ ಒಂದು ಖಾಲಿ ಸೈಟಿತ್ತು, ಮಿಕ್ಕದ್ದೆಲ್ಲ ಬಾಡಿಗೆ ಮನೆಗಳಾಗಿ ಎದ್ದು ನಿಂತಿತ್ತು. ಅಲ್ಲಿ ಶಾಮಿಯಾನ ಹಾಕಿಸಿ, ಎಡಗಡೆ ಸಾಲು ಬೀಗರಿಗೆ, ಬಲಗಡೆ ಸಾಲು ತನ್ನ ಕಡೆಯವರಿಗೆ ಅಂತ ಮೇಜು ಹಾಕಿಸಿದ್ದ. ಹಿಂದುಗಡೆ ಅಡುಗೆ ಹನುಮಯ್ಯ ಕೊಪ್ಪರಿಗೆಯಲ್ಲಿ ಸೌಟು ತಿರುಗಿಸುತ್ತಿದ್ದ. ಶಿವರಾಮ ಅವನ ಕಿವಿಯ ಹತ್ತಿರ ಬಾಗಿ ಹೇಳಿದ: “ನೋಡು ಹನುಮಯ್ಯ, ಬೀಗರ ಪಂಕ್ತಿಗೆ ಬರೀ ಮೆತ್ತನೆ ತುಂಡೇ ಬೀಳ್ಬೇಕು. ತೊಡೆ ಮಾಂಸ, ಕೈಮಾ ಉಂಡೆ, ಎಲ್ಲ ಆ ಕಡೆ. ಮೂಳೆ ಗೀಳೆ ಏನಿದ್ರೂ ನಮ್ಮೋರಿಗೆ ಹಾಕು. ಅಳಿಯಂದ್ರ ದೊಡ್ಡಪ್ಪ ಮಾರಯ್ಯನೋರಿಗೆ ಹಲ್ಲು ಅಷ್ಟಕ್ಕಷ್ಟೆ. ಅವರು ಊಟ ಚೆನ್ನಾಗಿತ್ತು ಅಂದ್ಬಿಟ್ರೆ ಆ ಮನೇಲಿ ಇನ್ಯಾರೂ ಬಾಯಿ ತೆಗ್ಯಲ್ಲ.”

“ಆಯ್ತು ಬಿಡಣ್ಣ, ಬೀಗರಿಗೆ ಬೆಣ್ಣೆ, ನಮ್ಮೋರಿಗೆ ಮೂಳೆ” ಅಂದ ಹನುಮಯ್ಯ. ಎಲ್ಲ ಸರಿಯಾಗಿತ್ತು. ಆಗಲೇ ಗೇಟು ಕಿರ್ರೆಂದಿತು.

ಐದಾರು ಮಕ್ಕಳು ಭಾನುವಾರವೂ ಯೂನಿಫಾರಂ ಹಾಕಿಕೊಂಡು ಒಳಗೆ ಬಂದರು. ಒಬ್ಬೊಬ್ಬರ ಕೈಯಲ್ಲಿ ಹಸಿರು ಟಬ್ಬು. ಎಲ್ಲರ ಹಿಂದೆ ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿಯ ಮೇಷ್ಟ್ರು. ಗುಜರಿಯವರು ಹಳೇ ಪೇಪರ್ ತೂಗುವಂಥ ಕೊಕ್ಕೆ ತಕ್ಕಡಿಯನ್ನು ಅವರು ಪೂಜೆಯ ಸಾಮಾನಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

“ನಮಸ್ಕಾರ ಸಾರ್. ಬಸವಪ್ರಸಾದ್ ಅಂತ, ಲಿಖಿತಾಗೆ ಸೋಷಿಯಲ್ ತಗೋತೀನಿ. ‘ನಮ್ಮೂರು ನಮ್ಮ ಲೆಕ್ಕ’ ಅಂತ ಪ್ರಾಜೆಕ್ಟ್ ಮಾಡಿಸ್ತಾ ಇದ್ದೀನಿ. ಈ ಬೆಂಗಳೂರು ಉಳೀಬೇಕು ಅಂದ್ರೆ ಪುಸ್ತಕ ಓದಿದ್ರೆ ಆಗಲ್ಲ ಸಾರ್. ಮಕ್ಕಳು ಒಂದೊಂದು ಫಂಕ್ಷನ್‌ಗೆ ಹೋಗ್ತಾರೆ, ಎಲೆ ಮೇಲೆ ಎಷ್ಟು ಉಳೀತು ಅಂತ ತೂಗ್ತಾರೆ, ಆಮೇಲೆ ಊಟ ಮಾಡಿದೋರ ಮುಂದೇನೇ ಹೇಳ್ತಾರೆ.”

ಶಿವರಾಮ ಬೀದಿಯ ಕಡೆ ಒಮ್ಮೆ ನೋಡಿದ. “ಮುಂದೇನೇ ಹೇಳ್ಬೇಕಾ ಸಾರ್? ಒಳಗೊಳಗೇ ತೂಕ ಮಾಡ್ಕೊಂಡು ಹೋದ್ರೆ?”

“ಹೇಳ್ದೆ ಹೋದ್ರೆ ಅದು ಹೋಂವರ್ಕ್ ಆಗುತ್ತೆ ಸಾರ್. ಹೇಳಿದ್ರೇನೇ ಶಿಕ್ಷಣ” ಅಂದರು ಮೇಷ್ಟ್ರು. ಅವರ ಮುಖದಲ್ಲಿ ನಗುವಿನ ಗೆರೆಯಿರಲಿಲ್ಲ.

ಶಿವರಾಮ ಮಗಳನ್ನು ಪಕ್ಕಕ್ಕೆ ಎಳೆದ. “ಏನಮ್ಮಾ ಇದು? ಇವತ್ತೇ ಆಗ್ಬೇಕಿತ್ತಾ? ಅಕ್ಕನ ವಿಷ್ಯ ನಿಂಗೊತ್ತಲ್ವಾ?”

“ನೀನೇ ಹೂಂ ಅಂದೆಯಲ್ಲಪ್ಪಾ” ಅಂದಳು ಲಿಖಿತಾ. ಅವಳ ಕಣ್ಣಲ್ಲಿ ಆಗಲೇ ನೀರು. “ಎಲ್ಲಾರ್ ಮನೇಲೂ ಬೇಡ ಅಂದ್ರು. ನಮ್ಮಪ್ಪ ಒಪ್ಕೊಂಡ್ರು ಅಂತ ನಾನು ಕ್ಲಾಸಲ್ಲಿ ಎದ್ ನಿಂತ್ಕೊಂಡು ಹೇಳ್ದೆ.”

ನಿಜ ಹೇಳಬೇಕೆಂದರೆ ಶಿವರಾಮನಿಗೆ ಈ ಹುಡುಗಿಯ ಮೇಲೆ ಒಳಗೊಳಗೇ ಹೆಮ್ಮೆ. ಹಸಿ ಕಸ ಒಣ ಕಸ ಬೆರೆಸಿದವರು ಬಾಡಿಗೆದಾರರಾಗಲಿ, ಸ್ವಂತ ಅಪ್ಪನಾಗಲಿ, ಅವಳು ಬಿಡುತ್ತಿರಲಿಲ್ಲ. ಪ್ಲಾಸ್ಟಿಕ್ ಬಾಟಲಿ ಬೇಡ ಅಂತ ಹಟ ಹಿಡಿದು ಇವತ್ತಿನ ಊಟಕ್ಕೆ ಸ್ಟೀಲ್ ಲೋಟ ತರಿಸಿದವಳೂ ಅವಳೇ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ನಗಿಸಲು ಇನ್ನೊಬ್ಬಳನ್ನು ಅಳಿಸುವುದು ಅವನ ಕೈಲಾಗದು. ಅಷ್ಟರಲ್ಲಿ ಬೀಗರ ಬಸ್ಸು ಕತ್ತರಿಗುಪ್ಪೆ ಸಿಗ್ನಲ್ ದಾಟಿತು ಅಂತ ಫೋನು ಬಂದದ್ದರಿಂದ ಬೀದಿಯ ಕಡೆಗೆ ಓಡಿದ.

ಅವನು ಓಡಿದ ಮೇಲೆ ಅಡುಗೆಯ ಕಡೆ ಒಂದು ಸಣ್ಣ ಚರ್ಚೆ ನಡೆಯಿತು. ಬಸವಪ್ರಸಾದ್ ಮೇಷ್ಟ್ರದು ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆತನ, ಬಾಡೂಟದ ಹತ್ತಿರ ಅವರು ಬಂದದ್ದೇ ಇದು ಮೊದಲ ಸಲ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಕರ್ತವ್ಯ ಅಂತ ನಿಂತಿದ್ದರು. ಹನುಮಯ್ಯ ಕೇಳಿದ, “ಸಾರ್, ಮೂಳೇನೂ ತೂಕಕ್ಕೆ ಹಾಕ್ತೀರಾ?”

“ಎಲೆ ಮೇಲೆ ಉಳಿದ್ರೆ ಹಾಕ್ಲೇಬೇಕಲ್ಲಪ್ಪಾ.”

“ಅದು ಉಳಿಯೋದೇ ಸಾರ್. ತಿನ್ನಕ್ಕಾಗಲ್ಲ.”

“ತಿನ್ನೋಕ್ಕಾಗದ್ದನ್ನ ಯಾಕಪ್ಪಾ ಬಡಿಸ್ತೀರಿ?” ಅಂದರು ಮೇಷ್ಟ್ರು, ನಿಜವಾದ ಕಳಕಳಿಯಿಂದ. ಹನುಮಯ್ಯನಿಗೆ ಮೂವತ್ತು ವರ್ಷದ ಕಸುಬಿನಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮಕ್ಕಳು ಎರಡು ಟಬ್ಬುಗಳ ಮೇಲೆ ‘ಗಂಡಿನ ಕಡೆ’, ‘ಹೆಣ್ಣಿನ ಕಡೆ’ ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು.

ಬೀಗರು ಬಂದರು. ಮುಂದೆ ಮಾರಯ್ಯನವರು, ಜರಿ ಅಂಚಿನ ಪಂಚೆ, ಹೆಗಲ ಮೇಲೆ ಶಲ್ಯ. ಅವರ ಹಿಂದೆ ಕಮಲಾದೇವಿ, ಅಳಿಯ, ಹೊಸ ಸೀರೆಯಲ್ಲಿ ಶೃತಿ. ಮಗಳ ಕಣ್ಣ ಕೆಳಗೆ ಕಪ್ಪು ಕಟ್ಟಿದ್ದನ್ನು ಶಿವರಾಮ ನೋಡಿದ. ಕಾಲಿಗೆ ನೀರು ಕೊಟ್ಟು, ಎಲ್ಲರನ್ನೂ ಎಡಗಡೆ ಸಾಲಿನಲ್ಲಿ ಕೂರಿಸಿದ. “ನೀವೂ ಸಮಕ್ಕೆ ಕೂತ್ಕೊಳ್ರಪ್ಪಾ, ನಾವೇನು ದೇವ್ರಾ?” ಅಂತ ಮಾರಯ್ಯನವರು ಹೇಳಿದ್ದಕ್ಕೆ ಬಲಗಡೆ ಸಾಲಿನಲ್ಲಿ ತನ್ನ ಕಡೆಯವರೂ ಕೂತರು. ಎರಡು ಕಡೆಯೂ ಹೆಚ್ಚೂಕಡಿಮೆ ಅಷ್ಟಷ್ಟೇ ಜನ.

ಮುದ್ದೆ ಬಂತು, ಬೋಟಿ ಗೊಜ್ಜು ಬಂತು, ಮಟನ್ ಸಾರು ಬಂತು. ಹನುಮಯ್ಯ ಹೇಳಿದ ಮಾತು ತಪ್ಪಲಿಲ್ಲ, ಎಡಗಡೆಗೆ ಬೆಣ್ಣೆಯಂಥ ತುಂಡು, ಬಲಗಡೆಗೆ ಗಟ್ಟಿ ಮೂಳೆ. ಒಂದೇ ತೊಂದರೆಯೆಂದರೆ ಮಕ್ಕಳು. ಒಬ್ಬೊಬ್ಬರ ಎಲೆಯ ಮುಂದೆಯೂ ನಿಂತು, ಪರೀಕ್ಷೆ ಹಾಲಿನ ಮೇಲ್ವಿಚಾರಕರ ಹಾಗೆ ನೋಡುತ್ತಿದ್ದರು. “ಅಂಕಲ್, ಆ ಮೂಲೇಲಿ ಇನ್ನೂ ಅನ್ನ ಇದೆ.” “ಆಂಟಿ, ಬೇಡ ಅಂದ್ರೆ ಹಾಕೋ ಮುಂಚೇನೇ ಹೇಳಿ.” ಅನ್ನ ಬಿಟ್ಟು ಏಳುವ ಧೈರ್ಯ ಯಾರಿಗೂ ಆಗಲಿಲ್ಲ. ಬಲಗಡೆಯ ಸಾಲಿನಲ್ಲಿ ಶಿವರಾಮನ ಸೋದರತ್ತೆ ಗೋವಿಂದಮ್ಮ ಮಾತ್ರ, “ಏ ಹೋಗ್ರೇ, ನಮ್ ತಾತನ ಕಾಲದಿಂದ ಉಂಡಿದೀವಿ, ನೀವ್ ಹೇಳ್ಕೊಡ್ತೀರಾ?” ಅಂತ ಗದರಿ, ಬಾಡೂಟದಲ್ಲಿ ಎಲ್ಲರೂ ಆಸೆಪಡುವ, ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಎಲೆಯ ಅಂಚಿಗೆ ಕುಟ್ಟಿದಳು.

ಮಾರಯ್ಯನವರ ಎಲೆ ನೋಡಿ ಮಕ್ಕಳೇ ಬೆರಗಾದರು. ಒಂದು ಅಗುಳಿಲ್ಲ, ಒಂದು ತೊಟ್ಟು ಸಾರಿಲ್ಲ, ಆಗತಾನೆ ತೊಳೆದು ಹಾಸಿದ ಹಾಗಿತ್ತು. “ತಾತ, ಸಖತ್ ನಿಮ್ ಎಲೆ!” ಅಂದಿತೊಂದು ಮಗು. ಮಾರಯ್ಯನವರು ಮೀಸೆಯಡಿಯಲ್ಲಿ ನಕ್ಕು, ಶಿವರಾಮನ ಕಡೆ ತಿರುಗಿ, “ಊಟ ಅಂದ್ರೆ ಇದು ಕಣಪ್ಪ. ತುಂಡು ಬಾಯಲ್ಲಿ ಇಟ್ರೆ ಹಂಗೇ ಕರಗೋಯ್ತು” ಅಂದರು. ಕಮಲಾದೇವಿ ತಮ್ಮ ಎಲೆಯ ಕೈಮಾ ಉಂಡೆಯನ್ನು ಎತ್ತಿ ಸೊಸೆಯ ಎಲೆಗೆ ಹಾಕಿ, “ತಿನ್ನಮ್ಮ, ಇಳಿದ್ಹೋಗಿದೀಯ” ಅಂದರು. ಶೃತಿ ತಲೆಯೆತ್ತಿ ಅಪ್ಪನನ್ನು ನೋಡಿ ನಕ್ಕಳು. ಮೂರು ವಾರದ ಮೇಲೆ ನೋಡಿದ ನಗು. ಶಿವರಾಮ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡ.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ನಮ್ಮ ಜನ ಉಂಡ ಮೇಲೆ ಸುಮ್ಮನೆ ಕೂರುವುದಿಲ್ಲವಲ್ಲ.

ಮೊದಲ ಪಂಕ್ತಿ ಎದ್ದು, ಅಳಿದುಳಿದ ನಾಲ್ಕಾರು ಜನರ ಎರಡನೆಯದು ಕೂತಿತು. ಹಿಂದುಗಡೆ ಲಿಖಿತಾ ಎರಡು ಟಬ್ಬನ್ನೂ ಒಂದಾದ ಮೇಲೊಂದು ಕೊಕ್ಕೆಗೆ ಸಿಕ್ಕಿಸಿ ತೂಗಿದಳು. ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಗೋವಿಂದಮ್ಮ ಅದನ್ನು ನೋಡಿದವಳೇ ಎದ್ದು ಬಂದು ಶಿವರಾಮನ ಕೈಹಿಡಿದು ಎಳೆದುಕೊಂಡು ಹೋದಳು.

“ಶಿವೂ, ಮನೆ ಹಾಳಾಯ್ತಲ್ಲೋ! ಆ ಟಬ್ ನೋಡು, ಈ ಟಬ್ ನೋಡು. ನಮ್ ಕಡೇದು ಮೂಳೆ ತುಂಬಿ ತುಳುಕ್ತೈತೆ. ಬೀಗರ ಕಡೇದ್ರಲ್ಲಿ ಅರ್ಧಾನೂ ಇಲ್ಲ.”

“ಅದು ನಾನೇ ಹೇಳಿದ್ದು ಅತ್ತೆ. ಅವರಿಗೆ ಮೆತ್ತನೆ ತುಂಡು ಹಾಕ್ಸಿದ್ದು.”

“ನಿಂಗೆ ಗೊತ್ತು, ನಂಗೆ ಗೊತ್ತು. ಟಬ್ಬಿಗೆ ಗೊತ್ತಾ? ಆ ಮೇಷ್ಟ್ರು ಈಗ ಮೈಕಲ್ಲಿ ಹೇಳ್ತಾನಂತೆ, ಹೆಣ್ಣಿನ ಕಡೆ ಇಷ್ಟು, ಗಂಡಿನ ಕಡೆ ಇಷ್ಟು ಅಂತ. ಮೂಳೆ ಯಾರ್ ಕಡೆ ಜಾಸ್ತಿಯೋ ಬಾಡು ಅವರ್ ಕಡೇನೇ ಜಾಸ್ತಿ ಬಿತ್ತು ಅಂತ ತಾನೆ ಜನ ಅನ್ನೋದು? ಕರೆದ ಬೀಗರಿಗೆ ಅರ್ಧ ಹಾಕಿ, ತಾವು ಕಡ್ಕೊಂಡು ತಿಂದ್ರು ಅಂತಾರೆ. ಒಬ್ಬಟ್ಟು ಆಯ್ತು, ಈಗ ಬಾಡು. ಶೃತಿ ಗತಿ ಏನಾಗುತ್ತೋ!”

ಶಿವರಾಮನಿಗೆ ಬಚ್ಚಲ ಕೊಳಾಯಿಯ ಸದ್ದು ಕಿವಿಯಲ್ಲಿ ಮತ್ತೆ ಕೇಳಿದಂತಾಯಿತು. ಮೇಷ್ಟ್ರಿಗೆ ಹೇಳಿ ನಿಲ್ಲಿಸೋಣವೆಂದರೆ ಕಿರಿಮಗಳು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ ಮಾತು ನೆನಪಾಗುತ್ತದೆ. ಹೇಳಿದರೂ ಆ ಮನುಷ್ಯ ನಿಲ್ಲಿಸುವ ಪೈಕಿಯಲ್ಲ. ಅತ್ತ ದರಿ ಇತ್ತ ಪುಲಿ. ಉಳಿದದ್ದು ಒಂದೇ ದಾರಿ. ಅದು ಮರ್ಯಾದಸ್ಥರು ಹಿಡಿಯುವ ದಾರಿಯಲ್ಲ, ಆದರೆ ಹೆಣ್ಣು ಹೆತ್ತವನಿಗೆ ಆಗ ಮರ್ಯಾದೆಗಿಂತ ಮಗಳು ದೊಡ್ಡವಳಾಗಿ ಕಂಡಳು.

ಟಬ್ಬಿನ ಕಾವಲಿಗೆ ಲಿಖಿತಾ ಬಿಟ್ಟುಹೋಗಿದ್ದ ಹುಡುಗಿಗೆ, “ಹೋಗಮ್ಮಾ, ಅಲ್ಲಿ ಐಸ್‌ಕ್ರೀಂ ಕೊಡ್ತಾವ್ರೆ” ಅಂದ. ಅವಳು ಹೋದಳು. ಶಿವರಾಮ ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ, ಹನುಮಯ್ಯನ ಸಾರಿನ ಬಕೆಟ್ಟೊಂದನ್ನು ತೆಗೆದುಕೊಂಡು, ಹೆಣ್ಣಿನ ಕಡೆಯ ಟಬ್ಬಿನೊಳಗೆ ಕೈ ಹಾಕಿದ. ಮೂರು ತಲೆಮಾರು ಆ ನೆಲದಲ್ಲಿ ರಾಗಿ ಬೆಳೆದ ಮನೆತನದ ಯಜಮಾನ, ಹದಿನಾಲ್ಕು ಬಾಡಿಗೆ ಮನೆಗಳ ಮಾಲೀಕ, ಎಂಜಲು ಮೂಳೆಗಳನ್ನು ಎರಡೂ ಕೈಯಲ್ಲಿ ಬಾಚಿ ಬಕೆಟ್ಟಿಗೆ ತುಂಬಿದ. ಬೀದಿಯ ನಾಯಿಗಳು ಶಾಮಿಯಾನದ ಅಂಚಿನಲ್ಲಿ ಎದ್ದು ನಿಂತವು.

ಬಕೆಟ್ ಹಿಡಿದು ತಿರುಗಿದರೆ ಎದುರಿಗೆ ಬಸವಪ್ರಸಾದ್ ಮೇಷ್ಟ್ರು.

“ಏನ್ ಸಾರ್ ಇದು?”

“ನಾಯಿಗಳಿಗೆ ಸಾರ್” ಅಂದ ಶಿವರಾಮ, ಹೊಳೆದದ್ದನ್ನು ಹೇಳಿ.

ಮೇಷ್ಟ್ರು ಕರವಸ್ತ್ರದ ಹಿಂದೆ ಗದ್ಗದಿತರಾದರು. “ಇಂಥಾ ಗಡಿಬಿಡೀಲೂ ಬೀದಿ ನಾಯಿ ನೆನಪು ಮಾಡ್ಕೊಂಡ್ರಲ್ಲ! ಮಕ್ಕಳಿಗೆ ಹೇಳ್ತೀನಿ ಸಾರ್. ಆದ್ರೆ ತೂಕ ಮುಗಿಯೋವರ್ಗೂ ಟಬ್ಬಿನದು ಟಬ್ಬಲ್ಲೇ ಇರ್ಬೇಕು, ದಯವಿಟ್ಟು ವಾಪಸ್ ಹಾಕ್ಬಿಡಿ” ಅಂದು, ಗೌರವದಿಂದ ಬೆನ್ನು ತಿರುಗಿಸಿ ಹೊರಟರು.

ಶಿವರಾಮ ವಾಪಸ್ ಹಾಕಿದ. ಯಾವ ಟಬ್ಬಿಗೆ ಅಂತ ಮೇಷ್ಟ್ರು ನೋಡಲಿಲ್ಲ. ಆಮೇಲೆ ಇನ್ನೊಂದು ಬಕೆಟ್ ಹಾಕಿದ. ಎರಡೂ ಸಮವಾಯಿತು ಅನ್ನಿಸಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹೆಣ್ಣು ಕೊಟ್ಟವರ ಬುದ್ಧಿ, ಬೀಗರ ಕಡೆ ಒಂದು ಕೈ ಮುಂದೇ ಇರಲಿ ಅಂತ ಮತ್ತೊಂದು ಬಕೆಟ್ ಸುರಿದ. ಕೈ ತೊಳೆದುಕೊಂಡು, ಪಂಚೆ ಇಳಿಸಿ, ಗಂಧದ ನೀರು ಚಿಮುಕಿಸಿಕೊಂಡು, ಏನೂ ಆಗದವನ ಹಾಗೆ ಬಂದು ಬೀಗರ ಪಕ್ಕ ಕೂತ. ಎದೆಯ ಮೇಲಿನ ಬಂಡೆ ಇಳಿದಿತ್ತು.

ಎರಡನೇ ಪಂಕ್ತಿಯೂ ಮುಗಿದು, ಮಕ್ಕಳು ಟಬ್ಬುಗಳ ಕೊನೇ ತೂಕ ಬರೆದುಕೊಂಡರು. ಶೃತಿ ಬೀಡಾದ ತಟ್ಟೆ ಹಿಡಿದು ಅತ್ತೆಯ ಹಿಂದೆ ನಿಂತಳು. ಹಾಡು ನಿಲ್ಲಿಸಿ, ಮೇಷ್ಟ್ರು ಮೈಕು ತೆಗೆದುಕೊಂಡರು.

“ಗುರುಹಿರಿಯರಿಗೆ ನಮಸ್ಕಾರ. ನಮ್ಮ ಮಕ್ಕಳು ಇವತ್ತು ಎಲೆ ಮೇಲೆ ಉಳಿದದ್ದನ್ನೆಲ್ಲ ತೂಗಿದ್ದಾರೆ. ಇಲ್ಲಿ ಎರಡೂ ಕಡೆಯವರ ಪಂಕ್ತಿ ಇತ್ತು. ಕಡಿಮೆ ಉಳಿಸಿ, ಅನ್ನಕ್ಕೆ ಗೌರವ ಕೊಟ್ಟ ಪಂಕ್ತಿ, ಹೆಣ್ಣಿನ ಕಡೆಯವರು!” ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. “ಗಂಡಿನ ಕಡೆಯವರ ಪಂಕ್ತಿಯಲ್ಲಿ ಮಾತ್ರ ಹೆಚ್ಚುಕಡಿಮೆ ಎರಡರಷ್ಟು ದಂಡವಾಗಿದೆ. ಹೇಳೋಕೆ ನನಗೂ ಸಂಕಟ. ಆದ್ರೆ ಯಾರೂ ಬೇಜಾರು ಮಾಡ್ಕೋಬೇಡಿ, ಮುಂದಿನ ಮದುವೆಯಲ್ಲಿ ತಿದ್ದಿಕೊಳ್ಳಬಹುದು.”

ಶಿವರಾಮನಿಗೆ ಆಗ ಹೊಳೆಯಿತು. ಅವನೂ ಅವನ ಅತ್ತೆಯೂ ಆ ಟಬ್ಬುಗಳನ್ನು ಬಡಿಸಿದ ಲೆಕ್ಕ ಅಂತ ಓದಿದ್ದರು. ಮೇಷ್ಟ್ರು ಅದನ್ನು ಬಿಸಾಡಿದ ಲೆಕ್ಕ ಅಂತ ಓದಿದರು. ಸುಮ್ಮನಿದ್ದಿದ್ದರೆ ಆ ಚಪ್ಪಾಳೆ ಬೀಗರಿಗೇ ಬೀಳುತ್ತಿತ್ತು. ಮೂರು ಬಕೆಟ್ ಹೊತ್ತು ಅದನ್ನು ತಪ್ಪಿಸಿದವನು ತಾನೇ.

ಮಾರಯ್ಯನವರು ನಿಧಾನವಾಗಿ ಎದ್ದು ನಿಂತರು. “ನನ್ ಎಲೆ ನೋಡ್ದೋರು ಯಾರಾದ್ರೂ ಇದೀರೇನ್ರಪ್ಪಾ? ನಮ್ಮವ್ವ ರಾಗಿ ಬೀಸಿ ನಮ್ಮನ್ನ ಸಾಕ್ದೋಳು. ಒಂದ್ ಅಗುಳು ಬಿಟ್ರೆ ಎದ್ದೋಗೋಕ್ ಬಿಡ್ತಿರ್ಲಿಲ್ಲ. ಎಪ್ಪತ್ತೈದು ವರ್ಷದಲ್ಲಿ ಅನ್ನ ದಂಡ ಮಾಡ್ದ ಅಂತ ಒಬ್ಬನ ಕೈಲೂ ಅನ್ನಿಸ್ಕೊಂಡಿಲ್ಲ. ಕರ್ದು ಉಣ್ಣಾಕಿ, ಎಂಜಲು ತೂಗಿ, ಮೈಕಲ್ಲಿ ಮಾನ ಕಳ್ದ್ರಲ್ಲಪ್ಪಾ.” ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. “ಏಳ್ರೋ, ಬಸ್ ಹತ್ರಿ.”

ಎಡಗಡೆಯ ಜನವೆಲ್ಲ ಎದ್ದರು. ಕಮಲಾದೇವಿಯೂ ಎದ್ದರು. ಶೃತಿ ಬೀಡಾದ ತಟ್ಟೆ ಹಿಡಿದು ನಿಂತೇ ಇದ್ದಳು. ಅದನ್ನು ನೋಡಿದ ಮೇಲೆ ಶಿವರಾಮನಿಗೆ ತಡೆಯಲಾಗಲಿಲ್ಲ. ಅಡ್ಡ ಬಂದು ಎರಡೂ ಕೈ ಮುಗಿದ.

“ಮಾರಣ್ಣಾ, ನಿಂತ್ಕೊಳ್ಳಿ. ತಪ್ಪು ನಂದು. ನಿಮ್ಮೋರು ಏನೂ ದಂಡ ಮಾಡಿಲ್ಲ. ನಿಮ್ ಟಬ್ಬಿಗೆ ಮೂಳೆ ಹಾಕಿದ್ದು ನಾನು. ನಮ್ ಕಡೆ ಟಬ್ಬಿಂದ ತೆಗ್ದು ಹಾಕ್ದೆ.”

ಮಾರಯ್ಯನವರು ಟಬ್ಬುಗಳ ಕಡೆ ತಿರುಗಿ ನೋಡಿದರು. “ಅಂದ್ರೆ? ನಿಮ್ಮೋರ ಎಂಜಲು ತಂದು ನಮ್ ಲೆಕ್ಕಕ್ಕೆ ಸುರಿದ್ರಾ?”

“ಅಯ್ಯೋ, ಹಂಗಲ್ಲಣ್ಣಾ...”

“ಇರಿ ಭಾವ” ಅಂದರು ಕಮಲಾದೇವಿ. ಅವರ ದನಿ ಎಂದಿನಂತೆ ಮೆತ್ತಗಿತ್ತು. “ಬೀಗ್ರೇ, ಬೇಕೂಂತ ಮಾಡೋ ಜನ ಅಲ್ಲ ನೀವು. ಯಾಕ್ ಮಾಡಿದ್ರಿ ಹೇಳಿ.”

ಆ ಒಳ್ಳೆಯ ಮಾತಿಗೆ ಶಿವರಾಮ ಕರಗಿಹೋದ. ಸತ್ಯ ಹೇಳಿದರೆ ಎಲ್ಲ ತಿಳಿಯಾಗುತ್ತದೆ ಅನ್ನಿಸಿತು. “ಕಮಲಕ್ಕಾ, ನಿಮ್ ಟಬ್ಬಲ್ಲಿ ಮೂಳೆ ಕಮ್ಮಿ ಇತ್ತು. ಅದನ್ನ ನೋಡಿ ನೀವು ನಿಮಗೆ ತುಂಡು ಕಮ್ಮಿ ಬಿತ್ತು ಅಂದ್ಕೋತೀರೇನೋ ಅಂತ ಭಯ ಆಯ್ತು. ಅದಕ್ಕೇ...”

ಕಮಲಾದೇವಿ ಹುಬ್ಬು ಸ್ವಲ್ಪ ಮೇಲೆತ್ತಿದರು. ಅಲ್ಲಿಯವರೆಗೆ ಆ ಯೋಚನೆ ಅವರ ತಲೆಗೆ ಬಂದೇ ಇರಲಿಲ್ಲ. ಹೊಟ್ಟೆ ತುಂಬ ಉಂಡು, ಸಂತೋಷವಾಗಿ ಕೂತಿದ್ದ ಹೆಂಗಸು.

“ಹಂಗಾದ್ರೆ ಕಮ್ಮಿ ಬಿದ್ದಿತ್ತಾ?”

“ಇಲ್ಲಕ್ಕಾ! ಮೆತ್ತನೆ ತುಂಡು ಆರಿಸಿ ನಿಮ್ಗೇ ಹಾಕ್ಸಿದ್ದು. ಮಾರಣ್ಣೋರಿಗೆ ಹಲ್ಲು ಸರಿಯಿಲ್ಲ ಅಂತ...”

“ನನ್ ಹಲ್ಲಿಗೇನಾಗಿದೆ?” ಅಂದರು ಮಾರಯ್ಯನವರು.

ಇದೇ ಹೊತ್ತು ನೋಡಿ ಗೋವಿಂದಮ್ಮ ಸಹಾಯಕ್ಕೆ ಬಂದಳು. “ನಿಜ ಕಣಮ್ಮಾ, ನಲ್ಲಿ ಮೂಳೆ ಒಂದ್ ಬಿಡ್ದಂಗೆ ನಮ್ ಪಂಕ್ತಿಗೇ ಬಿತ್ತು, ಇವನು ನಿಮ್ಗೆ ಒಂದೂ ಹಾಕ್ಸಿಲ್ಲ!” ಅಂದಳು. ಎಡಗಡೆಯ ಗುಂಪಿನಲ್ಲಿ, “ನಲ್ಲಿ ಮೂಳೆ ಇತ್ತಾ?” ಅಂತ ಯಾರೋ ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಶಿವರಾಮ ಸುತ್ತಲೂ ನೋಡಿದ. ಮೇಷ್ಟ್ರ ಪಕ್ಕದಲ್ಲಿ ಲಿಖಿತಾ ತಕ್ಕಡಿ ಹಿಡಿದು ನಿಂತಿದ್ದಳು. ಅಪ್ಪ ತನ್ನ ಪ್ರಾಜೆಕ್ಟಿಗೇ ಕೈ ಹಾಕಿದ ಅಂತ ಗೊತ್ತಾಗಿ ಅವಳ ಕಣ್ಣು ತುಂಬಿತ್ತು. ಹೇಳಬೇಡಮ್ಮಾ ಅಂತ ಅವನು ಕಣ್ಣಲ್ಲೇ ಬೇಡಿಕೊಂಡ. ಆದರೆ ಕಮಲಾದೇವಿ ಆಗಲೇ ಅವಳ ಕಡೆ ತಿರುಗಿದ್ದರು.

“ನೀನ್ ಹೇಳು ಪುಟ್ಟಾ, ತೂಗಿದೋಳು ನೀನೇ ಅಲ್ವಾ? ನಿಮ್ಮಪ್ಪ ಕೈ ಹಾಕೋ ಮುಂಚೆ ನಮ್ ಕಡೇದು ಎಷ್ಟಿತ್ತು?”

ಲಿಖಿತಾ ಅಪ್ಪನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಕೊನೆಗೆ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಮೂಗಿನಿಂದ ಕರವಸ್ತ್ರ ತೆಗೆದು, ಧೈರ್ಯವಾಗಿ ಹೇಳು ಅನ್ನುವಂತೆ ತಲೆಯಾಡಿಸಿದರು. ಹುಡುಗಿ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು.

“ನಿಮ್ದು ನಮ್ ಕಡೇದ್ರಲ್ಲಿ ಅರ್ಧಾನೂ ಇರ್ಲಿಲ್ಲ ಆಂಟಿ. ತಪ್ಪಾಗ್ಬಾರ್ದು ಅಂತ ಎರಡು ಸಲ ತೂಗಿದ್ದೆ.”

ಮಕ್ಕಳು ಚಪ್ಪಾಳೆ ತಟ್ಟಿದರು. ಕಮಲಾದೇವಿ ಸೊಸೆಯ ಕೈಯಿಂದ ಬೀಡಾದ ತಟ್ಟೆ ತೆಗೆದು ಮೇಜಿನ ಮೇಲಿಟ್ಟು, “ಬಾಮ್ಮಾ, ಹೊತ್ತಾಯ್ತು, ಮನೆಗೆ ಹೋಗಿ ಏನಾದ್ರೂ ಊಟ ಮಾಡೋಣ” ಅಂದರು.